ಮೂಟೆ ಬರೆದ ದುವಾರ್ತೆ

ಇದು ನಡೆದದ್ದು ಗೋಧಿಗೆ ತುಕ್ಕು ರೋಗ ಬಿದ್ದ ಮರುವರ್ಷ.

ಪೋರ್ಚುಗಲ್ ದೇಶದ ಒಂದು ಪಾಳೆಯಪಟ್ಟಿನಲ್ಲಿ ದುವಾರ್ತೆ ಎಂಬ ಚಿತ್ರಗಾರನಿದ್ದ. ಗೋಡೆಗೆ ಹಚ್ಚುವ ಮಣ್ಣಿನ ಬಿಲ್ಲೆಗಳ ಮೇಲೆ ಚಿತ್ರ ಬರೆದು ಸುಡುವುದು ಅವನ ಕಸುಬು. ಆ ಚಳಿಗಾಲ ಊರು ಹಸಿಯಿತು. ಪಾಳೇಗಾರನ ಕಣಜ ತುಂಬಿತ್ತು. ಜನ ಹೋಗಿ ಕಣಜದ ಬಾಗಿಲಲ್ಲಿ ಕೂತರು. ಬಾಗಿಲು ತೆರೆಯಲಿಲ್ಲ. ಕೂತವರು ಅಲ್ಲೇ ಸತ್ತರು. ದುವಾರ್ತೆಯ ಹೆಂಡತಿ ಬ್ರಿತೆಸ್ ಕೂಡ ಸತ್ತಳು.

ಚಳಿ ಕಳೆದ ಮೇಲೆ ರಾಜ ಬರುವ ಸುದ್ದಿ ಬಂತು. ಯಾವ ಪಾಳೇಗಾರ ಹಸಿದವರನ್ನು ಸಾಕಿದನೋ ಅವನಿಗೆ ಇನ್ನೆರಡು ಊರಿನ ಕಣಜ ವಹಿಸುತ್ತಾನಂತೆ. ಪಾಳೇಗಾರ ದುವಾರ್ತೆಯನ್ನು ಕರೆಸಿದ.

"ನಾನು ಕಾಳು ಹಂಚೋ ಹಾಗೆ ಬರಿ. ಸುತ್ತ ಮೂಟೆ ಇರಲಿ."

"ಹಂಚಿದ್ದು ನಾನು ನೋಡಿಲ್ಲವಲ್ಲ, ಬುದ್ಧಿ."

"ಸ್ವರ್ಗಾನೂ ನೀನು ನೋಡಿಲ್ಲ. ಇಗರ್ಜಿ ಗೋಡೆಗೆ ಬರೀಲಿಲ್ಲವೇನೋ?"

ಸುಳ್ಳು ಬರೆದರೆ ಇನ್ನೆರಡು ಊರು ಸಾಯುತ್ತವೆ. ಬರೆಯದಿದ್ದರೆ ಬೇರೆಯವನು ಬರೆಯುತ್ತಾನೆ. ದುವಾರ್ತೆ ಯೋಚಿಸಿದ. ಒಪ್ಪಿಕೊಂಡ.

ಬಿಲ್ಲೆಯ ಬಣ್ಣ ಸುಡುವ ಮೊದಲು ಕಪ್ಪು, ಸುಟ್ಟ ಮೇಲೆ ನೀಲಿ. ಇದ್ದಿಲೂ ಸುಡುವ ಮೊದಲು ಕಪ್ಪೇ. ಸುಟ್ಟ ಮೇಲೆ ಅದು ಇರುವುದಿಲ್ಲ. ಪಾಳೇಗಾರನಿಗೆ ಇದು ಗೊತ್ತಿರಲಿಲ್ಲ. ದುವಾರ್ತೆ ಬಣ್ಣದಲ್ಲಿ ಹೆಣ ಬರೆದ, ಅದರ ಮೇಲೆ ಇದ್ದಿಲಿನಲ್ಲಿ ಮೂಟೆ ಬರೆದ. ಚಿತ್ರದ ಪಾಳೇಗಾರನ ಕೈಯಲ್ಲಿ ಬಣ್ಣದಿಂದ ಕಣಜದ ಬೀಗದಕೈ ಬರೆದು, ಅದರ ಮೇಲೆ ಇದ್ದಿಲಿನಲ್ಲಿ ಕಾಳು ಅಳೆಯುವ ಸೇರು ಬರೆದು ಮುಚ್ಚಿದ.

ಪಾಳೇಗಾರ ಬಂದು ನೋಡಿದ. "ಮೂಟೆ ಕಡಿಮೆಯಾಯ್ತು." ದುವಾರ್ತೆ ಸೇರಿಸಿದ.

ಮತ್ತೆ ಬಂದ. "ಇಷ್ಟೇನಾ? ನಾನೇನು ಭಿಕ್ಷುಕನೇ?" ದುವಾರ್ತೆ ಸೇರಿಸಿದ.

ಮೂರನೆಯ ಸಲ ಬಂದ. "ಆ ಮೂಲೆ ಖಾಲಿ ಇದೆಯಲ್ಲೋ." ಆ ಮೂಲೆಯಲ್ಲಿ ದುವಾರ್ತೆ ಬ್ರಿತೆಸಳನ್ನು ಬರೆದ. ಮೇಲೊಂದು ಮೂಟೆ ಬರೆದ.

ಪಾಳೇಗಾರನಿಗೆ ಅನುಮಾನ ಜಾಸ್ತಿ. ಇವನು ಬಿಲ್ಲೆ ಬದಲಾಯಿಸಿಯಾನು ಎಂದು ತಾನೇ ನಿಂತು ಬಿಲ್ಲೆ ಸುಡುವ ಆವಿಗೆಯೊಳಗೆ ಇಡಿಸಿದ. ಬಾಗಿಲಿಗೆ ತನ್ನ ಮುದ್ರೆ ಒತ್ತಿದ. ಕಾವಲು ಹಾಕಿದ. ಆವಿಗೆ ಉರಿಯಿತು, ಆರಿತು. ರಾಜ ಬಂದ ದಿನ ಅವನೆದುರೇ ಮುದ್ರೆ ಒಡೆಸಿದ.

ಬಿಲ್ಲೆಗಳನ್ನು ನೆಲದ ಮೇಲೆ ಜೋಡಿಸಿದರು. ಎಲ್ಲ ನೀಲಿ. ಒಂದೂ ಮೂಟೆ ಇರಲಿಲ್ಲ. ಪಾಳೇಗಾರ ಬೀಗದಕೈ ಹಿಡಿದು ನಿಂತಿದ್ದ, ಸುತ್ತ ಹೆಣಗಳಿದ್ದವು.

"ಇವನು ಬಿಲ್ಲೆ ಬದಲಾಯಿಸಿದ್ದಾನೆ, ಪ್ರಭು."

"ಮುದ್ರೆ ಯಾರದು?" ರಾಜ ಕೇಳಿದ.

"ನನ್ನದು."

"ಕಾವಲು ಯಾರದು?"

"ನನ್ನದೇ."

"ಒಳಗಿಡುವಾಗ ಯಾರು ನಿಂತಿದ್ದರು?"

ರಾಜ ದುವಾರ್ತೆಯ ಕಡೆ ತಿರುಗಿದ. ದುವಾರ್ತೆ ಒಂದೊಂದು ಹೆಣದ ಮೇಲೂ ಬೆರಳಿಟ್ಟು ಹೆಸರು ಹೇಳಿದ. ಒಂದೊಂದು ಹೆಸರಿಗೂ ಹಿಂದೆ ನಿಂತ ಊರಿನವರಲ್ಲಿ ಯಾರೋ "ಹೌದು, ನಮ್ಮವಳು", "ಹೌದು, ನಮ್ಮವನು" ಎಂದರು. ಕೊನೆಯ ಹೆಸರಿಗೆ ಅವನೇ ಹೌದು ಎಂದ.

ಪಾಳೇಗಾರನನ್ನು ಕಣಜದ ಬಾಗಿಲಲ್ಲೇ ಗಲ್ಲಿಗೆ ಹಾಕಿದರು. ಕಾಳು ಹಂಚಿದರು. ಸತ್ತವರು ಯಾರೂ ಎದ್ದು ಬರಲಿಲ್ಲ.

ತಿಳಿಯಿತೇ ಮಕ್ಕಳೇ? ಹಸಿದವರಿಗೆ ಬಾಗಿಲು ಮುಚ್ಚಿದವನು ಹಂಚಿದೆ ಎಂದು ಬರೆಸಿಕೊಂಡರೆ, ಆ ಸುಳ್ಳೇ ಅವನ ಮೇಲೆ ಸಾಕ್ಷಿ ಹೇಳುತ್ತದೆ.

ಬಿಲ್ಲೆಗಳನ್ನು ಕಣಜದ ಗೋಡೆಗೆ ಹಚ್ಚಿದರು. ಅವುಗಳಲ್ಲಿರುವ ಹೆಣಗಳು ಮೂವತ್ತೇಳು.