ಶಾಖ ಅಳೆಯುವವನೂ ಸುಟ್ಟ ಏಪ್ರನ್ನೂ

"ಗುರುಗಳೇ, ಖಚಿತವಾಗಿ ತಿಳಿಯದ ವಿಷಯದಲ್ಲಿ 'ನನಗೆ ಗೊತ್ತಿಲ್ಲ' ಎಂದು ಸುಮ್ಮನಿರುವುದು ಪ್ರಾಮಾಣಿಕತೆಯಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಶಾಖ ಅಳೆಯುವವನೊಬ್ಬನಿದ್ದ. ಯಾವುದಾದರೂ ವಸ್ತುವಿನ ಬಿಲ್ಲೆಯಷ್ಟು ಅಗಲದ ತುಂಡನ್ನು ಯಂತ್ರದಲ್ಲಿಟ್ಟು, ಅದರ ಮುಂಬದಿಗೆ ಕ್ಷಣಮಾತ್ರ ಲೇಸರ್ ಬೆಳಕು ಬಿಡುತ್ತಿದ್ದ. ಹಿಂಬದಿ ಬಿಸಿಯಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ, ಆ ವಸ್ತುವಿನೊಳಗೆ ಶಾಖ ಎಷ್ಟು ಬೇಗ ಹರಿಯುತ್ತದೆ ಎಂದು ಹೇಳುತ್ತಿದ್ದ. ಅವನ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಹೆಸರಾಗಿತ್ತು.

ಕುಲುಮೆ ಕೆಲಸಗಾರರಿಗೆ ಏಪ್ರನ್ ಮಾರುವ ವ್ಯಾಪಾರಿಯೊಬ್ಬ ಅವನಿಗೆ ಬಟ್ಟೆಯ ಒಂದು ತುಂಡು ತಂದುಕೊಟ್ಟ. ಇವನು ಅಳೆದು, 'ಈ ತುಂಡು ಶಾಖವನ್ನು ಚೆನ್ನಾಗಿ ತಡೆಯುತ್ತದೆ' ಎಂದು ಬರೆದುಕೊಟ್ಟ. ವ್ಯಾಪಾರಿ ಆ ಮಾತನ್ನೂ ಇವನ ಹೆಸರನ್ನೂ ಪ್ರತಿಯೊಂದು ಏಪ್ರನ್ನಿನ ಮೇಲೆ ಅಚ್ಚು ಹಾಕಿಸಿದ. ಏಪ್ರನ್ ಹೊಲಿಸಿದ್ದು ಮಾತ್ರ ಬೇರೆ ಅಗ್ಗದ ಬಟ್ಟೆಯಿಂದ. ನಾಚಿಕೆಗೆಟ್ಟವನು!

ಮೂರು ತಿಂಗಳ ನಂತರ ಕೆಲಸಗಾರನೊಬ್ಬ ಎದೆಗೆ ಬ್ಯಾಂಡೇಜು ಸುತ್ತಿಕೊಂಡು ಅಳೆಯುವವನ ಹತ್ತಿರ ಬಂದ. ಕೈಯಲ್ಲಿ ಅರೆಸುಟ್ಟ ಏಪ್ರನ್ ಇತ್ತು.

"ಸಾರ್, ಇನ್ನೂ ಹನ್ನೊಂದು ಜನ ಇದನ್ನೇ ಹಾಕ್ಕೊಂಡು ಕುಲುಮೆ ಮುಂದೆ ನಿಂತವ್ರೆ. ನಾವು ಹೇಳಿದ್ರೆ ಯಜಮಾನ್ರು ನಂಬಲ್ಲ. ಇದು ಕಾವು ತಡೆಯಲ್ಲ ಅಂತ ನೀವೊಂದು ಮಾತು ಬರ್ಕೊಡಿ."

ಅಳೆಯುವವನಿಗೆ ತನ್ನ ಹೆಸರು ಕೆಡುತ್ತದೆ ಎಂಬ ಭಯ. ಏಪ್ರನ್ನನ್ನು ಆಚೀಚೆ ತಿರುಗಿಸಿ, "ಇದು ಸುಕ್ಕಾಗಿದೆ, ಮಸಿ ಹಿಡಿದಿದೆ. ಚಪ್ಪಟೆಯಾದ ಶುದ್ಧ ತುಂಡಿಲ್ಲದೆ ಅಳೆಯಲಾಗದು. ಅಳೆಯದೆ ನನಗೆ ಹೇಗೆ ಗೊತ್ತಾಗಬೇಕು?" ಎಂದ. ಎದುರಿಗೆ ಮನುಷ್ಯನ ಎದೆ ಬೆಂದಿದೆ, ಈ ಪುಣ್ಯಾತ್ಮ ಬಟ್ಟೆಯ ಸುಕ್ಕು ನೋಡುತ್ತಾನೆ!

ಕೋಣೆಯ ಮೂಲೆಯಲ್ಲಿ, ತುಂಡುಗಳನ್ನು ಕಾಯಿಸುವ ಸಣ್ಣ ಕುಲುಮೆ ಕೆಂಪಗೆ ಕಾದಿತ್ತು. ಕೆಲಸಗಾರ ಏಪ್ರನ್ನಿನ ಸುಟ್ಟಿರದ ಭಾಗವನ್ನು ಅದರ ಬಾಯಿಗೆ ಅಡ್ಡ ಹಿಡಿದ.

"ಬನ್ನಿ ಸಾರ್, ಇದರ ಹಿಂದೆ ನಿಮ್ಮ ಕೈ ಇಡಿ. ತಡೀತದೆ ಅಂತ ಇದರ ಮೇಲೆ ಇರೋದು ನಿಮ್ಮ ಹೆಸರೇ ಅಲ್ವಾ?"

ಅಳೆಯುವವನು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನನಗೆ ಗೊತ್ತಿಲ್ಲ" ಎಂದ. ಮರುದಿನವೂ ಹನ್ನೊಂದು ಮಂದಿ ಅದೇ ಏಪ್ರನ್ ತೊಟ್ಟು ಕೆಲಸಕ್ಕೆ ಹೋದರು.

ಗುರುಗಳು ನಿಲ್ಲಿಸಿದರು. ಶಿಷ್ಯ ಅಳುಕುತ್ತಲೇ, "ಆದರೂ ಗುರುಗಳೇ, ಅಳೆಯದೆ ಅವನಿಗೆ ನಿಜವಾಗಿ ಗೊತ್ತಿರಲಿಲ್ಲವಲ್ಲ" ಎಂದ.

"ಗೊತ್ತಿಲ್ಲದಿದ್ದರೆ ಕೈ ಇಟ್ಟು ನೋಡುತ್ತಿದ್ದ" ಎಂದರು ಗುರುಗಳು.