ಗೊತ್ತು ಬೇರೆ, ಬರುತ್ತೆ ಬೇರೆ

ತತ್ತ್ವಶಾಸ್ತ್ರದ ಮೇಷ್ಟ್ರು ಪದ್ಮನಾಭಯ್ಯ ತಮ್ಮ ವಿದ್ಯಾರ್ಥಿನಿ ಸುಚೇತಾಳನ್ನು ಕರೆದರು.

"'ಈಜೋದು ಹೇಗೆ ಅಂತ ಗೊತ್ತು' ಬೇರೆ, 'ಈಜು ಬರುತ್ತೆ' ಬೇರೆ. ಈ ಎರಡು ಥರದ ಜ್ಞಾನವನ್ನು ಹೋಲಿಸಿ ಪ್ರಬಂಧ ಬರಿ. ನಾಳೆ ವಿಚಾರಸಂಕಿರಣದಲ್ಲಿ ನನ್ನ ಹೆಸರಲ್ಲಿ ಓದ್ತೀನಿ. ಬರೀದಿದ್ರೆ ಇಂಟರ್ನಲ್ ಮಾರ್ಕ್ಸ್ ಮರೆತುಬಿಡು."

"ಆಗ್ಲಿ ಸಾರ್. ಮೊದಲು ರೂಪುರೇಷೆ ಹಾಕ್ಕೊಳ್ತೀನಿ. 'ಗೊತ್ತು' ಭಾಗಕ್ಕೆ ನೀವೇ ಉದಾಹರಣೆ. ಪ್ರಬಂಧ ಹೇಗಿರಬೇಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮೇಷ್ಟ್ರು ಹಿಗ್ಗಿದರು. "ಭೇಷ್! 'ಬರುತ್ತೆ' ಭಾಗಕ್ಕೆ?"

"ಬರೆಯೋಕೆ ಬರೋದು ನನಗಲ್ವಾ ಸಾರ್? ಅಲ್ಲಿ ನನ್ನ ಹೆಸರು ಹಾಕ್ಲೇಬೇಕು. ಇಲ್ಲಾಂದ್ರೆ ವಾದ ನಿಲ್ಲೋದಿಲ್ಲ."

"ಹಾಗಾದ್ರೆ ನೀನೇ ಓದಿಬಿಡು," ಅಂದರು ಮೇಷ್ಟ್ರು.

ಮರುದಿನ ಪ್ರಬಂಧವನ್ನು ಸುಚೇತಾಳೇ ಓದಿದಳು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು, ಎಲ್ಲಾ ಮೊದಲೇ ಗೊತ್ತಿದ್ದವರ ಹಾಗೆ ತಲೆದೂಗುತ್ತಿದ್ದರು.