ಉಳಿದ ಒಂದು ಹವಳ

ಕಡಲ ನಡುವಿನ ಸಣ್ಣ ನಡುಗಡ್ಡೆಯೊಂದರಲ್ಲಿ ಮಾದೇವಿ ಅಮ್ಮನ ಆಶ್ರಮವಿತ್ತು. ಆಶ್ರಮವೆಂದರೆ ಎರಡು ಗುಡಿಸಲು, ಒಂದು ದೋಣಿ, ಒಬ್ಬ ಶಿಷ್ಯ.

ಶಿಷ್ಯನ ಹೆಸರು ಜಟ್ಟಪ್ಪ. ನಲವತ್ತೈದರ ಆಳು. ಹಿಂದೆ ದೊಡ್ಡ ಮೀನುದೋಣಿ ನಡೆಸುತ್ತಿದ್ದ ತಾಂಡೇಲ. ನೀರಿನಡಿಯ ಎಷ್ಟೋ ಹವಳವನ್ನು ಬಲೆಯಲ್ಲಿ ಕಿತ್ತೆಳೆದವನು. ಈಗ ಅಮ್ಮನ ಜೊತೆ ಹವಳದ ಕವಲುಗಳನ್ನು ಕಲ್ಲಿಗೆ ಬಿಗಿದು ನೆಡುತ್ತಿದ್ದ.

ಆರು ವರ್ಷ ನೆಟ್ಟರು. ಏಳನೆಯ ಬೇಸಿಗೆಯಲ್ಲಿ ಕಡಲು ಬಿಸಿಯೇರಿತು. ಕೆಲವೇ ವಾರಗಳಲ್ಲಿ ಹವಳದ ತೋಟವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಆಮೇಲೆ ಪಾಚಿ ಕಟ್ಟಿತು. ಮೀನುಗಳು ಬಿಟ್ಟುಹೋದವು.

ಒಂದೇ ಒಂದು ಹವಳ ಉಳಿಯಿತು. ಬುಟ್ಟಿಯಷ್ಟು ಅಗಲ, ಕವಲು ಕವಲಾಗಿ, ಜೇನಿನ ಬಣ್ಣ.

ಜಟ್ಟಪ್ಪ ಅದರ ಸುತ್ತ ಹಗ್ಗ ಕಟ್ಟಿದ, ಗುರುತಿಗೆ ತೇಲುಬುರುಡೆ ಬಿಟ್ಟ. ದಿನವೂ ಅಲ್ಲೇ ದೋಣಿಯಲ್ಲಿ ಕುಳಿತ. ಯಾರನ್ನೂ ಹತ್ತಿರ ಬಿಡಲಿಲ್ಲ.

ಹತ್ತನೆಯ ದಿನ, ಕಡಲು ಇಳಿದಾಗ, ಅಮ್ಮ ಎದೆಮಟ್ಟದ ನೀರಿನಲ್ಲಿ ನಡೆದು ಬಂದಳು.

"ಎಂತ ಮಾಡುತ್ತಿದ್ದೀ?"

"ಕಾಯುತ್ತಿದ್ದೇನೆ ಅಮ್ಮ."

"ಕಡಲೂ ಕಾಯುತ್ತಿದೆ, ಮಾರಾಯ. ಆ ಬಿಸಿಗೆ ಯಾವ ಹಗ್ಗ ಕಟ್ಟುತ್ತೀ?"

ಜಟ್ಟಪ್ಪ ಹಗ್ಗದ ಗಂಟು ಇನ್ನಷ್ಟು ಬಿಗಿದ.

ಅಮ್ಮ ಸೆರಗಿನಿಂದ ಉಳಿ, ಸುತ್ತಿಗೆ ತೆಗೆದಳು. ಉಸಿರು ಹಿಡಿದು ಮುಳುಗಿದಳು. ಮೇಲೆ ಬಂದಾಗ ಅವಳ ಕೈಯಲ್ಲಿ ಹವಳದ ಒಂದು ಕವಲಿತ್ತು.

ಜಟ್ಟಪ್ಪ ನೀರಿಗೆ ಹಾರಿದ. ಗುರು ಎನ್ನುವುದನ್ನೂ ಮರೆತು ಅವಳ ಮಣಿಕಟ್ಟು ಹಿಡಿದ.

"ನಿಮಗೆ ತಲೆ ಕೆಟ್ಟಿದೆಯಾ? ಉಳಿದದ್ದು ಇದೊಂದೇ!"

"ಅದಕ್ಕೇ ಒಡೆಯುವುದು."

"ಸತ್ತರೆ?"

"ಸಾಯುವುದಕ್ಕಾದರೂ ನಾಲ್ಕು ಇರಬೇಡವಾ? ಕೈ ಬಿಡು."

ಅವನು ಬಿಡಲಿಲ್ಲ.

"ಜಟ್ಟಪ್ಪ, ಇಷ್ಟೆಲ್ಲ ಸತ್ತಾಗ ಇದು ಯಾಕೆ ಸಾಯಲಿಲ್ಲ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಆದರೆ ಏನೋ ಒಂದು ಇದಕ್ಕೆ ಗೊತ್ತು. ಹಗ್ಗದೊಳಗೆ ಕೂರಿಸಿದರೆ ಅದನ್ನು ಯಾರಿಗೆ ಹೇಳೀತು?"

ಅವನ ಹಿಡಿತ ಸಡಿಲಿತು.

ಅಂದು ಅಮ್ಮ ಅರ್ಧ ಹವಳ ಒಡೆದಳು. ಹದಿನೆಂಟು ಚೂರಾಯಿತು. ಕೆಲವನ್ನು ಬಂಡೆಯ ನೆರಳಿನಲ್ಲಿ, ಕೆಲವನ್ನು ನೀರಿನ ಸೆಳೆತವಿದ್ದಲ್ಲಿ, ಉಳಿದವನ್ನು ಸತ್ತ ತೋಟದ ನಡುವೆಯೇ ಕಲ್ಲಿಗೆ ಬಿಗಿದಳು. ಜಟ್ಟಪ್ಪ ದಾರ ಕೊಡುತ್ತಿದ್ದ.

ಮೊದಲ ವಾರವೇ ಐದು ಸತ್ತವು.

ಅವನು ಒಂದು ತಿಂಗಳು ಗುರುವಿನ ಜೊತೆ ಊಟಕ್ಕೆ ಕೂರಲಿಲ್ಲ. ಅಮ್ಮ ಕರೆಯಲೂ ಇಲ್ಲ. ಅವನ ಪಾಲಿನ ಗಂಜಿಯನ್ನು ಮುಚ್ಚಿಟ್ಟು, ಕಡಲಿಗಿಳಿದು, ಚೂರುಗಳ ಮೇಲಿನ ಪಾಚಿ ಉಜ್ಜುತ್ತಿದ್ದಳು. ಒಂದು ಬೆಳಿಗ್ಗೆ ಅವಳು ನೀರಿಗಿಳಿದಾಗ, ಜಟ್ಟಪ್ಪ ಆಗಲೇ ಅಲ್ಲಿ ಮುಳುಗಿ ಉಜ್ಜುತ್ತಿದ್ದ.

ಮರುವರ್ಷ ಕಡಲು ಮತ್ತೆ ಬಿಸಿಯಾಯಿತು, ಹಿಂದಿಗಿಂತ ಹೆಚ್ಚು.

ಬಿಸಿ ಇಳಿದ ಮೇಲೆ ಜಟ್ಟಪ್ಪ ಮುಳುಗಿ ನೋಡಿ ಬಂದ. ದಂಡೆಯಲ್ಲಿ ಅಮ್ಮನ ಪಕ್ಕ ಕುಳಿತ.

"ತಾಯಿಹವಳ ಹೋಯಿತು ಅಮ್ಮ."

"ಚೂರುಗಳು?"

"ಏಳು ಇವೆ."

"ಎಲ್ಲಿನವು?"

"ನೆರಳಿನವು ನಾಲ್ಕು. ಸೆಳೆತದವು ಎರಡು. ಒಂದು, ಸತ್ತ ತೋಟದ ನಡುವಿನದು. ಅದರ ಬುಡದಲ್ಲಿ ಒಂದು ನೀಲಿ ಮೀನು ಮನೆ ಮಾಡಿದೆ. ನಾನು ಕೈ ಚಾಚಿದರೆ ಕಚ್ಚಲಿಕ್ಕೆ ಬಂತು."

ಅಮ್ಮ ಜೋರಾಗಿ ನಕ್ಕಳು.

ಜಟ್ಟಪ್ಪನಿಗೆ ನಗು ಬರಲಿಲ್ಲ. "ಬಿಸಿ ವರ್ಷ ವರ್ಷ ಬರುತ್ತದೆ ಅಮ್ಮ. ಮುಂದಿನ ಸಲ ಇನ್ನೂ ಹೆಚ್ಚು ಬಂದರೆ?"

ಅಮ್ಮ ಎದ್ದು ಸೀರೆ ಎತ್ತಿಕಟ್ಟಿ ನೀರಿನ ಕಡೆ ಹೊರಟಳು.

"ಬರಲಿ. ಬಂತು ಅಂತ ನಾವು ಜಾಗ ಖಾಲಿ ಮಾಡಿಕೊಡಬೇಕಾ?"